ಬಡ್ಜಿ ಕೈ ಕಂಡರೆ ಸರಳಿಗೆ ತಲೆ ಚಚ್ಚಿಕೊಳ್ಳುತ್ತೆ, ಐದು ವಾರ ಆಯ್ತು. ಎಲ್ಲಿ ತಪ್ಪಾಗ್ತಿದೆ?

ಬಾಲ್ಕನಿ_ಪಂಜರ:

ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಅಂತ ಕೊಟ್ಟ ಜೋಡಿ. ಬಡ್ಜಿ ಅನ್ನೋ ಪುಟ್ಟ ಗಿಳಿ ಅಂತ ಆಮೇಲೆ ಗೊತ್ತಾಯ್ತು. ಒಂದು ಹಸಿರು, ಒಂದು ನೀಲಿ. ವಿವರ ಇಷ್ಟು:

ಗುಂಡಗಿನ ಪಂಜರ, ಅಡ್ಡಕ್ಕೆ ಒಂದಡಿ, ಎತ್ತರ ಒಂದೂವರೆ. ಬಾಲ್ಕನಿ ಕೊಕ್ಕೆಗೆ ನೇತು ಹಾಕಿದೆ. ಒಳಗೆ ಅಂಗಡಿಯವರೇ ಕೊಟ್ಟ ಮಡಕೆ, ಕನ್ನಡಿ, ಪ್ಲಾಸ್ಟಿಕ್ ಉಯ್ಯಾಲೆ. ಬಟ್ಟಲಲ್ಲಿ ಕಾಳು ಯಾವಾಗಲೂ ತುಂಬಿರುತ್ತೆ. ದಿನಾ ಸಂಜೆ ಕೈ ಹಾಕಿ ಹಿಡಿದು, ಹತ್ತು ನಿಮಿಷ ಮುಷ್ಟಿಯಲ್ಲಿಟ್ಟು ತಲೆ ಸವರಿ ಬಿಡೋದು. ‘ಹಿಡಿದು ಹಿಡಿದೇ ರೂಢಿಯಾಗುತ್ತೆ’ ಅಂದಿದ್ದರು. ಆಗಿಲ್ಲ. ಹಸಿರುದು ಕೈ ಕಂಡರೆ ತಲೆ ಚಚ್ಚಿಕೊಳ್ಳುತ್ತೆ. ನೀಲಿಯದು ಮಡಕೆ ಬಾಯಲ್ಲಿ ಕೂತು ರಕ್ತ ಬರೋ ಹಾಗೆ ಕಚ್ಚುತ್ತೆ. ಎರಡಕ್ಕೂ ಬಲಗಡೆ ರೆಕ್ಕೆ ಮಾತ್ರ ಕತ್ತರಿಸಿದೆ.

ವಯಸ್ಸು ಮೀರಿದೆಯಾ? ಜೋಡಿ ಬೇರೆ ಮಾಡಬೇಕಾ? ಬೆರಳ ಮೇಲೆ ಕೂರೋ ಹಾಗೆ ಮಾಡೋಕೆ ಕ್ರಮ ಏನು?

ಕಾಳುಕಡ್ಡಿ:

ಮೊದಲು ಮಡಕೆ ನೋಡಿ, ಮಿಕ್ಕಿದ್ದು ಆಮೇಲೆ.

ಬಡ್ಜಿಗೆ ಮಡಕೆ ಮಲಗುವ ಮನೆಯಲ್ಲ, ಮೊಟ್ಟೆ ಇಡುವ ಪೊಟರೆ. ಮಲಗುವುದು ಕೋಲಿನ ಮೇಲೆ. ಆಸ್ಟ್ರೇಲಿಯಾದ ಒಣ ಸೀಮೆಯಲ್ಲಿ ಮಳೆ ಬಿದ್ದು, ಹುಲ್ಲು ಕಾಳು ಕಟ್ಟಿ, ಮರದಲ್ಲೊಂದು ಪೊಟರೆ ಸಿಕ್ಕರೆ ಸಾಕು, ತಿಂಗಳು ಲೆಕ್ಕಿಸದೆ ಮರಿ ಮಾಡುವ ಹಕ್ಕಿ ಇದು. ಜೋಡಿ, ಪೊಟರೆ, ತುಂಬಿದ ಬಟ್ಟಲು, ಮೂರನ್ನೂ ನೀವೇ ಒದಗಿಸಿದ್ದೀರಿ. ನೀಲಿಯದು ಕಚ್ಚುತ್ತಿರುವುದು ಕೆಟ್ಟ ಬುದ್ಧಿಯಿಂದಲ್ಲ, ಗೂಡು ಕಾಯುತ್ತಿದೆ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ ಇರುವ ಮೇಣದಂಥ ಭಾಗ ಗಮನಿಸಿ. ಕಂದು ಬಣ್ಣಕ್ಕೆ ತಿರುಗಿ ಒಣ ತೊಗಟೆಯ ಹಾಗೆ ಒರಟಾಗಿದ್ದರೆ ಹೆಣ್ಣು, ಅದೂ ಮೊಟ್ಟೆಗೆ ಬಂದ ಹೆಣ್ಣು. ಬೆಳೆದ ಗಂಡಿಗೆ ಅದೇ ಜಾಗ ಗಾಢ ನೀಲಿ. (ಪೂರ್ತಿ ಬಿಳಿ, ಪೂರ್ತಿ ಹಳದಿ ಬಡ್ಜಿಗಳಲ್ಲಿ ಈ ಲೆಕ್ಕ ನಡೆಯಲ್ಲ, ಅವುಗಳ ಗಂಡಿಗೆ ಕೊನೆವರೆಗೂ ನಸುಗುಲಾಬಿ.)

ಮಡಕೆ ಖಾಲಿ ಇದ್ದರೆ ಇವತ್ತೇ ತೆಗೆಯಿರಿ. ಮೊಟ್ಟೆ ಇದ್ದರೆ ಮುಟ್ಟಬೇಡಿ. ಮೊಟ್ಟೆ ಕದ್ದರೆ ಹೆಣ್ಣು ಮತ್ತೆ ಮತ್ತೆ ಇಟ್ಟು ಮೈಯಲ್ಲಿನ ಸುಣ್ಣವನ್ನೆಲ್ಲ ಕಳೆದುಕೊಳ್ಳುತ್ತೆ. ಕಾವಿಗೆ ಸುಮಾರು 18 ದಿನ. ಮೂರು ವಾರವಾದರೂ ಒಡೆಯದಿದ್ದರೆ ಅದೇ ಬಿಟ್ಟೇಳುತ್ತೆ, ಆಗ ತೆಗೆಯಿರಿ. ಅಲ್ಲಿವರೆಗೆ ಪಳಗಿಸುವ ಮಾತು ಬೇಡ.

ಎರಡನೆಯದು ಹಿಡಿಯುವುದು. ಮೇಲಿಂದ ಬಂದು ಮುಚ್ಚುವ ಕೈ ಹಕ್ಕಿಯ ಕಣ್ಣಿಗೆ ಗಿಡುಗ. ಮುಷ್ಟಿಯಲ್ಲಿ ಸುಮ್ಮನಿದೆ ಅಂದರೆ ಒಗ್ಗಿದೆ ಅಂತಲ್ಲ, ಹೆದರಿ ಮರಗಟ್ಟಿದೆ. ಇನ್ನೊಂದು ಅಪಾಯ ಇದೆ: ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆ ನಡುವೆ ಉಸಿರಾಡಿಸುವ ಸ್ನಾಯು) ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಸುಮಾರು 35 ಗ್ರಾಂ ತೂಗುವ ಜೀವದ ಎದೆ ಸ್ವಲ್ಪ ಒತ್ತಿದರೂ ಉಸಿರು ಕಟ್ಟುತ್ತೆ. ಮದ್ದು ಹಾಕಲು, ಉಗುರು ಕತ್ತರಿಸಲು ಬಿಟ್ಟು ಇನ್ನಾವುದಕ್ಕೂ ಹಿಡಿಯಬೇಡಿ.

ವಯಸ್ಸು ಹಣೆಯಲ್ಲಿ ಬರೆದಿರುತ್ತೆ. ಕಪ್ಪು ಗೆರೆಗಳು ಕೊಕ್ಕಿನವರೆಗೂ ಇಳಿದಿದ್ದು ಕಣ್ಣು ಪೂರ್ತಿ ಕಪ್ಪಾಗಿದ್ದರೆ ನಾಲ್ಕು ತಿಂಗಳೊಳಗಿನ ಮರಿ. ಹಣೆ ಬೋಳಾಗಿ ಬಿಳಿ ಅಥವಾ ಹಳದಿ ಕಂಡು, ಕಣ್ಣಿನ ಸುತ್ತ ತೆಳು ಬಿಳಿ ಉಂಗುರ ಬಂದಿದ್ದರೆ ದೊಡ್ಡದು. ಆರರಿಂದ ಎಂಟು ವಾರದ ಮರಿ ಬೇಗ ಒಗ್ಗುತ್ತೆ. ದೊಡ್ಡದಕ್ಕೆ ವಾರಗಳ ಬದಲು ತಿಂಗಳು ಬೇಕು, ಅಷ್ಟೇ.

ಪಂಜರ ಬದಲಿಸಿ. ಗುಂಡು ಪಂಜರದಲ್ಲಿ ಹಕ್ಕಿಗೆ ಬೆನ್ನು ಕೊಟ್ಟು ಕೂರಲು ಮೂಲೆಯೇ ಇಲ್ಲ, ಅಡ್ಡ ಹಾರಲೂ ಜಾಗ ಇಲ್ಲ. ಒಂದು ಜೋಡಿಗೆ ಉದ್ದ 30 ಇಂಚು, ಅಗಲ 18, ಎತ್ತರ 18 ಇರಲಿ, ಸರಳಿನ ಸಂದು ಅರ್ಧ ಇಂಚು ದಾಟಬಾರದು. ಹಾಲ್‌ನಲ್ಲಿ, ಒಂದು ಬದಿ ಗೋಡೆಗೆ ತಾಗಿಸಿ, ನಿಮ್ಮ ಕಣ್ಣಿನ ಎತ್ತರಕ್ಕೆ ಇಡಿ. ಬಾಲ್ಕನಿಯಲ್ಲಿ ಕಾಗೆ, ಬೆಕ್ಕು ಕಾಯುತ್ತಿರುತ್ತವೆ. ದಿನವಿಡೀ ಅವುಗಳ ಮೇಲೆ ಕಣ್ಣಿಟ್ಟ ಹಕ್ಕಿ ನಿಮ್ಮ ಕೈಯನ್ನೂ ಅದೇ ಕಣ್ಣಲ್ಲಿ ನೋಡುತ್ತೆ. ಅಡುಗೆಮನೆ ಹತ್ತಿರವೂ ಬೇಡ. ಕಾದು ಹೋದ ನಾನ್‌ಸ್ಟಿಕ್ ತವದ ಹೊಗೆ ನಿಮಿಷಗಳಲ್ಲಿ ಕೊಲ್ಲುತ್ತೆ. ಸೊಳ್ಳೆ ಬತ್ತಿ, ಊದುಬತ್ತಿಯೂ ಅದೇ ಕೋಣೆಯಲ್ಲಿ ಬೇಡ. ಪ್ಲಾಸ್ಟಿಕ್ ಕೋಲು ಬಿಸಾಕಿ ಕಿರುಬೆರಳಿಂದ ಹೆಬ್ಬೆರಳ ದಪ್ಪದ ಸೀಬೆ ಕೊಂಬೆ ಹಾಕಿ. ಕನ್ನಡಿ ತೆಗೆಯಿರಿ, ಹಕ್ಕಿ ಅದರೊಳಗಿನ ಹಕ್ಕಿಯ ಜೊತೆ ಸಂಸಾರ ಹೂಡುತ್ತೆ.

ಜೋಡಿ ಬೇರೆ ಮಾಡಿ, ಬೇರೆ ಕೋಣೆಯಲ್ಲಿಟ್ಟು ಒಂದೊಂದನ್ನೇ ಪಳಗಿಸಿ.

ಸಜ್ಜಿರೊಟ್ಟಿ:

ಮ್ಯಾಲಿನ ಕಡೀ ಸಾಲು ಒಂದು ಬಿಟ್ರ ಉಳದದ್ದು ಬರೋಬ್ಬರಿ ಐತಿ. ಬ್ಯಾರೆ ಕೋಣಿ ಬ್ಯಾಡ್ರಿ. ಗುಂಪಿನ ಹಕ್ಕಿ ಇದು, ಒಂದಕ್ಕೊಂದು ಕಾಣಲಿಲ್ಲಂದ್ರ ದಿನಪೂರ್ತಿ ಕೂಗೂದೇ ಆಗ್ತದ, ತಿನ್ನೂದು ಬಿಡ್ತಾವ. ಎರಡು ಪಂಜರ ಮಗ್ಗಲಾ ಮಗ್ಗಲಾ ಇಡ್ರಿ. ಹಸಿರುದು ಮೊದಲು ಕಲೀಲಿ. ಅದು ಕೈಯಾಗ ತಿನ್ನೂದನ್ನ ನೀಲೀದು ನೋಡ್ತಿರ್ತೈತಿ, ಅರ್ಧ ಕೆಲಸ ಅಲ್ಲೇ ಆಗ್ತದ.

ಈಗ ಕ್ರಮ. ಒಂದು ವಾರ ಕೈ ಹಾಕಬ್ಯಾಡ್ರಿ. ನೀರು, ಕಾಳು ಬದಲಿ ಮಾಡ್ಲಿಕ್ಕೆ ಅಷ್ಟ, ಅದೂ ದಿನಾ ಅದೇ ಹೊತ್ತಿಗೆ, ಸಾವಕಾಶ. ಪಂಜರದ ಮುಂದ ಮಗ್ಗಲಾಗಿ ಕುಂತು ಪೇಪರ್ ಜೋರಾಗಿ ಓದ್ರಿ. ನಟ್ಟ ಕಣ್ಣಲೆ ನೋಡಬ್ಯಾಡ್ರಿ, ಬೇಟಿ ಪ್ರಾಣಿ ಹಂಗ ನೋಡ್ತದ.

ಆಮ್ಯಾಲೆ ಕೈ ಸರಳಿನ ಹೊರಗ, ಹಕ್ಕಿ ಕುಂತ ಎತ್ತರಕ್ಕ ಇಡ್ರಿ. ಮ್ಯಾಲಿಂದ ತರಬ್ಯಾಡ್ರಿ, ಕೆಳಗಿಂದ ತರ್ರಿ. ಪುಕ್ಕ ಮೈಗಂಟಿ, ಕುತ್ತಿಗಿ ಉದ್ದ ಆಗಿ, ತಿನ್ನೂದು ನಿಂತ್ರ ಕೈ ಭಾಳ ಹತ್ರ ಬಂದೈತಿ ಅಂತ ಅರ್ಥ. ಮತ್ತ ತಿನ್ಲಿಕ್ಕೆ ಚಾಲೂ ಮಾಡೂವಷ್ಟು ಹಿಂದ ಸರೀರಿ, ನಾಳೆ ಅಲ್ಲಿಂದ. ಪುಕ್ಕ ಸಡ್ಲ ಬಿಟ್ಟು, ಒಂದು ಕಾಲು ಮ್ಯಾಲೆ ತಗೊಂಡು, ಕೊಕ್ಕು ಕರಕರ ಮಸೆದ್ರ ಆರಾಮ ಐತಿ.

ಮುಖ್ಯ ಮಾಲು ನವಣಿ ತೆನಿ. ಕೊಪ್ಪಳ, ಬಳ್ಳಾರಿ ಕಡೆ ಸುಗ್ಗಿಯಾಗ ಇಡೀ ತೆನಿನೇ ಸಿಗ್ತದ. ಎಣ್ಣಿ (ಕೀಟನಾಶಕ) ಹೊಡೀಲಾರದ ಹೊಲದ್ದು ಕೇಳಿ ತಗೋರಿ, ಒಣಗಿಸಿ ಒಂದು ವಾರ ಫ್ರೀಜರ್‌ನಾಗ ಇಟ್ರ ಹುಳ ಹತ್ತೂದಿಲ್ಲ. ಆದ್ರ ಬಟ್ಟಲದಾಗೂ ನವಣಿ, ಕೈಯಾಗೂ ನವಣಿ ಇದ್ರ ಕೈ ಯಾಕ ಬೇಕು ಅದಕ್ಕ? ಬಟ್ಟಲಕ್ಕ ಸಾವಿ, ಬರಗು ಹಾಕ್ರಿ, ಒಂದು ಹಕ್ಕಿಗೆ ದಿನಕ್ಕ ಎರಡು ಚಹಾ ಚಮಚ ಸಾಕು. ನವಣಿ ಕೈಯಿಂದ ಮಾತ್ರ. ಮುಂಜಾನಿ ಬಟ್ಟಲ ಇಡೂದಕ್ಕಿಂತ ಮೊದಲ ಹತ್ತು ನಿಮಿಷ ತೆನಿ ತೋರಸ್ರಿ, ರಾತ್ರಿ ಇಡೀ ತಿಂದಿರೂದಿಲ್ಲ, ಹಸಿವು ತಾನ ಇರ್ತದ. ತಿನ್ನಲಿ ಬಿಡಲಿ, ಅರ್ಧ ತಾಸಿನ್ಯಾಗ ಬಟ್ಟಲ ಇಡಾಕಬೇಕು. ಉಪವಾಸ ಕೆಡವಿ ಪಳಗಿಸ್ತೀನಿ ಅನ್ನೂದು ಈ ಹಕ್ಕಿ ಮುಂದ ನಡಿಯೂದಿಲ್ಲ, ಒಂದಿನ ಖಾಲಿ ಹೊಟ್ಟಿ ಇದ್ರ ಜೀವಕ್ಕ ಬರ್ತದ.

ತೆನಿ ಮೊದಲು ಗೇಣುದ್ದ ಹಿಡೀರಿ, ಸರಳಿನ ಸಂದಿಯಿಂದ. ಕೊಕ್ಕಿನ ಮುಂದ ಒಯ್ದು ತುರುಕಬ್ಯಾಡ್ರಿ. ನಾಲ್ಕು ಇಂಚು ದೂರ ಹಿಡಿದು ಕಲ್ಲಾಗಿ ಕೂಡ್ರಿ, ಅದು ಬರಬೇಕು. ಬಂದು ತಿಂದ್ರ ದಿನಾ ಒಂದು ಇಂಚು ಹಿಡಿ ಮುಂದ ಸರಿಸಿ ತೆನಿ ಗಿಡ್ಡ ಮಾಡ್ಕೋತ ಹೋಗ್ರಿ. ಹಿಂಗ ಮೂರು ನಾಲ್ಕು ದಿನ ತಪ್ಪದ ತಿಂದ ಮ್ಯಾಲೆ ಬಾಗಿಲದಾಗಿಂದ ಕೈ ಒಳಗ, ಮತ್ತ ಉದ್ದ ತೆನಿಯಿಂದ ಚಾಲೂ.

ಅರಳೀಕಟ್ಟೆ:

ನಮ್ಮೂರ ಹಸಿರು ಗಿಳಿಗೂ ಇದೇ ಕ್ರಮವಾ? ಮರಿ ಕೊಡ್ತೀನಿ ಅಂತಿದಾರೆ.

ಕಾಳುಕಡ್ಡಿ:

ತಗೋಬೇಡಿ. ಕೊರಳಿಗೆ ಗುಲಾಬಿ ಉಂಗುರದ ಗಿಳಿ ನಮ್ಮ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಬಡ್ಜಿ ಹೊರದೇಶದ್ದು, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದದ್ದು. ಅದರ ದಾರಿ ಬೇರೆ.

ಜೋಡಿಯ ವಿಷಯದಲ್ಲಿ ಸಜ್ಜಿರೊಟ್ಟಿ ಹೇಳಿದ್ದೇ ಸರಿ, ನನ್ನ ಮಾತು ಹಿಂದಕ್ಕೆ ತಗೊಂಡೆ.

ಬಾಲ್ಕನಿ_ಪಂಜರ:

ಎರಡು ವಾರದ ವರದಿ. ಮೊಟ್ಟೆ ಇರಲಿಲ್ಲ, ಮಡಕೆ ತೆಗೆದಾಯ್ತು. ಹೊಸ ಪಂಜರ ಎರಡು, ಅಕ್ಕಪಕ್ಕ. ಹಸಿರುದು ಈಗ ಕೈ ಒಳಗಿದ್ದರೂ ಕೋಲಿನ ಮೇಲೇ ಕೂತು ಕುತ್ತಿಗೆ ಚಾಚಿ ತೆನೆ ತಿನ್ನುತ್ತೆ. ಬೆರಳು ಹತ್ತಿರ ತಂದರೆ ಮಾತ್ರ ಆ ತುದಿಗೆ ಓಡುತ್ತೆ. ‘ಹೊಟ್ಟೆಗೆ ಬೆರಳು ಒತ್ತಿ, ಹತ್ತುತ್ತೆ’ ಅಂತ ವಿಡಿಯೋದಲ್ಲಿ ಇತ್ತು, ಒತ್ತಿದರೆ ಹಾರಿಹೋಗುತ್ತೆ. ನೀಲಿಯದು ಇನ್ನೂ ಕಚ್ಚುತ್ತೆ.

ಮೂರುಸಂಜೆ:

ಹೊಟ್ಟೆಗೆ ಬೆರಳು ಒತ್ತುವುದು ಹತ್ತಲು ಬಂದ ಹಕ್ಕಿಗೆ ಕೊಡುವ ಸೂಚನೆ. ಹತ್ತಲು ಗೊತ್ತಿಲ್ಲದ್ದಕ್ಕೆ ಅದು ಬರೀ ತಳ್ಳಾಟ. ಬೆರಳನ್ನು ಹಕ್ಕಿಯ ಹತ್ತಿರ ಒಯ್ಯುವುದೇ ನಿಲ್ಲಿಸಿ. ಬೆರಳು ದಾಟದೆ ತೆನೆ ಸಿಗದ ಹಾಗೆ ಮಾಡಿ.

ಎಡಗೈ ತೋರುಬೆರಳನ್ನು ಕೋಲಿಗೆ ಸಮಾನಾಂತರವಾಗಿ, ಅದಕ್ಕಿಂತ ಅರ್ಧ ಇಂಚು ಎತ್ತರದಲ್ಲಿ, ಕೊಂಬೆಯ ಹಾಗೆ ನೆಟ್ಟಗೆ ಇಡಿ. ಮಿಕ್ಕ ಬೆರಳು ಮಡಚಿರಲಿ. ಬಲಗೈಯಲ್ಲಿ ತೆನೆಯನ್ನು ಆ ಬೆರಳಿನ ಆಚೆ ಹಿಡಿಯಿರಿ. ಮೊದಮೊದಲು ಕುತ್ತಿಗೆ ಚಾಚಿದರೆ ಎಟುಕುವಷ್ಟು. ಬೆರಳ ಮೇಲಿಂದ ಬಗ್ಗಿ ನಿರಾಳವಾಗಿ ತಿನ್ನಲು ಶುರು ಮಾಡಿದ ಮೇಲೆ ತೆನೆಯನ್ನು ಕಾಲಂಗುಲ ಹಿಂದಕ್ಕೆ. ಒಂದು ಹಂತದಲ್ಲಿ ಕಾಲಿಡದೆ ಎಟುಕುವುದಿಲ್ಲ. ಒಂದು ಕಾಲು ಬೆರಳ ಮೇಲೆ, ಇನ್ನೊಂದು ಕೋಲಿನ ಮೇಲೆ ಇಟ್ಟು ತಿನ್ನುತ್ತೆ. ಎಲ್ಲರೂ ಎಡವುವುದು ಇಲ್ಲೇ, ಖುಷಿಗೆ ಬೆರಳು ಎತ್ತಿಬಿಡುತ್ತಾರೆ. ಎತ್ತಬೇಡಿ. ಒಂಟಿಗಾಲಲ್ಲೇ ಎರಡು ದಿನ ತಿನ್ನಲಿ. ಎರಡೂ ಕಾಲು ಬಂದ ಮೇಲೂ ಅಲ್ಲಾಡದೆ ಎಣಿಸಿ, ಮೊದಲು ಐದು, ಆಮೇಲೆ ಹತ್ತು, ಇಪ್ಪತ್ತು. ಅದಾದ ಮೇಲೆ ಒಂದಿಂಚು ಮೇಲೆ, ಮತ್ತೆ ಕೆಳಗೆ. ಮೇಲೇರು ಅನ್ನುವ ಅರ್ಥದ ‘ಹತ್ತು’ ಪದ ಕಾಲು ಎತ್ತುವ ಕ್ಷಣದಲ್ಲಿ ಮಾತ್ರ ಹೇಳಿ. ಬರದಿದ್ದಾಗಲೂ ಹತ್ತು ಹತ್ತು ಅಂತ ಜಪಿಸಿದರೆ ಆ ಪದಕ್ಕೆ ಬೆಲೆ ಇರಲ್ಲ.

ಕಾಲಿಡುವ ಮುನ್ನ ಕೊಕ್ಕಿಂದ ಬೆರಳು ಮುಟ್ಟಿ ನೋಡುತ್ತೆ. ಅದು ಕಚ್ಚುವುದಲ್ಲ, ಕೊಂಬೆ ಗಟ್ಟಿ ಇದೆಯಾ ಅಂತ ಪರೀಕ್ಷೆ. ಆಗ ಕೈ ಜಗ್ಗಿದರೆ ಎರಡು ಪಾಠ ಒಟ್ಟಿಗೆ ಕಲಿಯುತ್ತೆ: ಈ ಕೊಂಬೆ ನಂಬುವಂಥದ್ದಲ್ಲ, ಕೊಕ್ಕು ತಾಗಿಸಿದರೆ ಕೈ ಓಡುತ್ತೆ. ನಿಜವಾಗಿ ಕಚ್ಚಿದರೂ ಕೂಗಬೇಡಿ, ಮುಖಕ್ಕೆ ಊದಬೇಡಿ, ಕೊಕ್ಕಿಗೆ ಚಿಟಿಕೆ ಹೊಡೆಯಬೇಡಿ. ಹಾಗೇ ನಿಂತು, ಬಿಟ್ಟ ಮೇಲೆ ನಿಧಾನಕ್ಕೆ ಕೈ ಇಳಿಸಿ. ಆವತ್ತು ನೀವು ಒಂದು ಹಂತ ಮುಂದೆ ಹಾರಿದ್ದೀರಿ ಅಂತ ಲೆಕ್ಕ.

ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಇನ್ನೂ ತಿನ್ನುವ ಆಸೆ ಇರುವಾಗಲೇ ಎದ್ದು ಹೋಗಿ. ಪುಕ್ಕ ಉದುರಿಸುವ ಕಾಲದಲ್ಲಿ, ತಲೆ ಮೇಲೆ ಮುಳ್ಳಿನಂಥ ಹೊಸ ಗರಿ ಕಾಣುವಾಗ, ಮೈ ಮುಟ್ಟಿದರೆ ನೋವು. ಆಗ ಹೊಸದೇನೂ ಕಲಿಸಬೇಡಿ.

ರೆಕ್ಕೆ: ಒಂದೇ ಕಡೆ ಕತ್ತರಿಸಿದರೆ ಹಾರಿದಾಗ ಗಿರಗಿರ ತಿರುಗಿ ಎದೆಮೂಳೆ ನೆಲಕ್ಕೆ ಬಡಿಯುತ್ತೆ. ಸಮ ಮಾಡುತ್ತೇನೆಂದು ಇನ್ನೊಂದು ಕಡೆಗೆ ಕತ್ತರಿ ಹಾಕಬೇಡಿ. ಕತ್ತರಿಸಿದ ಗರಿ ಬೆಳೆಯಲ್ಲ, ಉದುರಿ ಹೊಸದು ಬರಬೇಕು, ಕೆಲವು ತಿಂಗಳು ಹಿಡಿಯುತ್ತೆ. ಅಲ್ಲಿವರೆಗೆ ಕೋಲುಗಳು ತಗ್ಗಿನಲ್ಲಿರಲಿ. ಹೊಸ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತೆ. ಮುರಿದು ಸೋರಿದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದು ಪಶುವೈದ್ಯರ ಹತ್ತಿರ ಓಡಿ. ಈ ಮೈಗೆ ಕೆಲವು ಹನಿಯೂ ದೊಡ್ಡ ನಷ್ಟ.

ಪಂಜರದಿಂದ ಹೊರಗೆ ಬಿಡುವ ಮುನ್ನ ಫ್ಯಾನ್ ಆಫ್ ಮಾಡಿದರೆ ಸಾಲದು, ರೆಕ್ಕೆ ಪೂರ್ತಿ ನಿಂತಿರಬೇಕು. ಕಿಟಕಿ ಗಾಜಿಗೆ ಪರದೆ, ಅಡುಗೆಮನೆ ಬಾಗಿಲು ಭದ್ರ, ನೀರು ತುಂಬಿದ ಬಕೆಟ್ ಮುಚ್ಚಿ. ಒಳಗೆ ಬರಲ್ಲ ಅಂದರೆ ಅಟ್ಟಿಸಬೇಡಿ. ದೀಪ ಮಂಕು ಮಾಡಿ, ಪಂಜರದ ಹತ್ತಿರ ಮಾತ್ರ ಬೆಳಕು ಬಿಟ್ಟು ತೆನೆ ಸಿಕ್ಕಿಸಿ ಕೂತರೆ ತಾನೇ ಬರುತ್ತೆ.

ಕಾಳುಕಡ್ಡಿ:

ನೀಲಿಯದಕ್ಕೆ ಈಗಲೇ ಬೆರಳು ತೋರಿಸಬೇಡಿ. ಸಂಜೆ ಏಳಕ್ಕೆ ಪಂಜರಕ್ಕೆ ಬಟ್ಟೆ ಹೊದಿಸಿ, ಹನ್ನೆರಡು ಗಂಟೆ ಕತ್ತಲು ಸಿಗಲಿ. ಬೇಯಿಸಿದ ಮೊಟ್ಟೆ, ನೆನೆಸಿದ ಕಾಳು ಕೊಡುತ್ತಿದ್ದರೆ ನಿಲ್ಲಿಸಿ. ಹರಿದು ಗೂಡು ಕಟ್ಟುವಂಥ ಕಾಗದ, ಮುಚ್ಚಿದ ಮೂಲೆ ಇರದಿರಲಿ. ಕಟ್ಲ್‌ಬೋನ್ (ಸುಣ್ಣದ ಅಂಶಕ್ಕೆ ಹಕ್ಕಿ ಕೆರೆದು ತಿನ್ನುವ ಕಟ್ಲ್‌ಫಿಶ್ ಮೂಳೆ) ಮಾತ್ರ ಇರಲಿ. ಕೆಲವು ವಾರಗಳಲ್ಲಿ ಮೂಗಿನ ಮೇಲಿನ ಕಂದು ಸಿಪ್ಪೆ ಕಳಚಿ ತಿಳಿಯಾಗುತ್ತೆ, ಸಿಟ್ಟೂ ಇಳಿಯುತ್ತೆ.

ಈ ನಡುವೆ ಕಡ್ಡಿ ಪಾಠ ಮಾಡಬಹುದು. ಬಣ್ಣವಿಲ್ಲದ ಬಿದಿರು ಕಡ್ಡಿಯ ತುದಿಯನ್ನು ಸರಳಿನ ಹೊರಗಿಂದ ಅದರ ಮುಂದೆ ಎರಡು ಇಂಚು ದೂರ ಹಿಡಿಯಿರಿ. ಕುತೂಹಲಕ್ಕೋ ಸಿಟ್ಟಿಗೋ ಕೊಕ್ಕು ತಾಗಿಸಿದ ಕ್ಷಣ ನಾಲಿಗೆಯಿಂದ ‘ಟಕ್’ ಅನ್ನಿ, ತಕ್ಷಣ ತೆನೆಯಿಂದ ನಾಲ್ಕು ಕಾಳು. ‘ಟಕ್’ ಕೇಳಿ ಅದೇ ತೆನೆಯತ್ತ ತಿರುಗಲು ಶುರು ಮಾಡಿದ ಮೇಲೆ ಕಡ್ಡಿಯನ್ನು ಕೋಲಿನುದ್ದಕ್ಕೆ ಸರಿಸಿ ಎರಡು ಹೆಜ್ಜೆ ನಡೆಸಿ.

ಬಾಲ್ಕನಿ_ಪಂಜರ:

ಐಸ್‌ಕ್ರೀಮ್ ಕಡ್ಡಿ ಆಗುತ್ತಾ?

ಕಾಳುಕಡ್ಡಿ:

ಚಪ್ಪಟೆ, ಗಿಡ್ಡ. ನಿಮ್ಮ ಬೆರಳು ಕೊಕ್ಕಿಗೆ ಸಿಗುತ್ತೆ. ನೂಡಲ್ಸ್ ತಿನ್ನುವ ಕಡ್ಡಿ ತಗೊಳ್ಳಿ, ತುದಿ ಚೂಪಿದ್ದರೆ ಉಜ್ಜಿ ಮೊಂಡು ಮಾಡಿ.