ಟೆಸ್ಟ್ ಬಟನ್ ಒತ್ತಿದರೆ ಫ್ಲ್ಯಾಶ್ ಹೊಡೆಯುತ್ತದೆ, ಫೋಟೊ ತೆಗೆದರೆ ಇಲ್ಲ

ಮಲೆನಾಡ ಕ್ಲಿಕ್:
ನಮಸ್ಕಾರ. ನನ್ನದು ಕ್ಯಾನನ್ 70ಡಿ. ಸೆಕೆಂಡ್‌ಹ್ಯಾಂಡ್‌ನಲ್ಲಿ ಬೇರೆ ಕಂಪನಿಯ ಮ್ಯಾನ್ಯುಯಲ್ ಫ್ಲ್ಯಾಶ್ ತಗೊಂಡೆ, ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಫ್ಲ್ಯಾಶ್ ಹೊಂದಿಸುವುದು) ಇಲ್ಲ, ತಳದಲ್ಲಿ ಪಿನ್ ಒಂದೇ. ಟೆಸ್ಟ್ ಬಟನ್ ಒತ್ತಿದರೆ ಪ್ರತಿ ಸಲವೂ ಹೊಡೆಯುತ್ತದೆ. ಕ್ಯಾಮೆರಾ ಮೇಲೆ ಹಾಕಿದರೆ ಮಾತ್ರ ಒಮ್ಮೊಮ್ಮೆ ಹೊಡೆಯುತ್ತದೆ, ಒಮ್ಮೊಮ್ಮೆ ಸುಮ್ನೆ ಇರುತ್ತದೆ. ಇನ್ನೊಂದು, ಅಂಗಳದಲ್ಲಿ ಶಟರ್ 1/500 ಇಟ್ಟು ತೆಗೆದ ಫೋಟೊಗಳಲ್ಲಿ ಕೆಳಗಡೆ ಅಡ್ಡಕ್ಕೆ ಕಪ್ಪು ಪಟ್ಟಿ ಬಂದಿದೆ. ಭಾನುವಾರ ಅಕ್ಕನ ಮಗುವಿನ ನಾಮಕರಣ, ಹಾಲ್‌ನಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಕೆಟ್ಟಿದೆಯಾ?

ಹಳೇ ರೋಲು:
ಮೊದಲು ಸೆಲ್ ನೋಡಿ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಸಾಲದು. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ, 1.2 ವೋಲ್ಟ್ ಅಂತ ಬರೆದಿದ್ದರೂ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುವುದು ಅವೇ. ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಪಿನ್ನನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ನಿಮ್ಮ ಕಡೆಯ ಮಳೆಗೆ ಕಿಲುಬು ಹಿಡಿದಿರುತ್ತದೆ.

ಮಲೆನಾಡ ಕ್ಲಿಕ್:
ಸೆಲ್ ಹೊಸದು ಸರ್, ಅದೇ ರೀಚಾರ್ಜ್‌ದು. ಈಗ ಉಜ್ಜಿಯೂ ನೋಡಿದೆ. ಅದೇ ಕಥೆ.

ಎರಡನೇ ಪರದೆ:
ಟೆಸ್ಟ್ ಬಟನ್‌ಗೆ ಹೊಡೆಯುತ್ತಿದೆ ಅಂದರೆ ಸೆಲ್, ಬಲ್ಬ್ ಎರಡೂ ಸರಿ ಇವೆ, ಬಿಡಿ. ಹೊಡೆಯದೇ ಇದ್ದಾಗ ನೀವು ಸ್ಕ್ರೀನ್ ನೋಡಿಕೊಂಡು ತೆಗೆದಿದ್ದಿರಿ ಅಲ್ವಾ? ಹಾಗೆ ಸ್ಕ್ರೀನ್ ನೋಡಿ ತೆಗೆಯುವುದೇ ಲೈವ್ ವ್ಯೂ, ಅದರ ಮೆನುವಿನಲ್ಲಿ ಸೈಲೆಂಟ್ ಎಲ್‌ವಿ ಶೂಟ್ (ಸದ್ದು ಕಡಿಮೆ ಮಾಡಿ ತೆಗೆಯುವುದು) ಅಂತ ಇದೆ. ಅದು ಮೋಡ್ 1 ಅಥವಾ ಮೋಡ್ 2ರಲ್ಲಿದ್ದರೆ ಬೇರೆ ಕಂಪನಿಯ ಫ್ಲ್ಯಾಶ್ ಹೊಡೆಯುವುದಿಲ್ಲ. ಡಿಸೇಬಲ್ ಮಾಡಿ. ಕ್ಯಾಮೆರಾ ಜೊತೆ ಬರುವ ಪುಸ್ತಕದಲ್ಲೇ ಇದೆ, ಅದನ್ನು ಯಾರು ಓದುತ್ತಾರೆ ಹೇಳಿ!

ಕಪ್ಪು ಪಟ್ಟಿ ಬೇರೆ ವಿಷಯ. 70ಡಿಯ ಸಿಂಕ್ ಸ್ಪೀಡ್, ಅಂದರೆ ಫ್ಲ್ಯಾಶ್ ಜೊತೆ ಇಡಬಹುದಾದ ಗರಿಷ್ಠ ಶಟರ್ ವೇಗ, 1/250 ಸೆಕೆಂಡ್. ಶಟರ್‌ನಲ್ಲಿ ಎರಡು ಪರದೆ ಇರುತ್ತವೆ, ಅದಕ್ಕಿಂತ ವೇಗ ಹೋದರೆ ಮೊದಲ ಪರದೆ ಪೂರ್ತಿ ತೆರೆಯುವ ಮೊದಲೇ ಎರಡನೇ ಪರದೆ ಮುಚ್ಚಲು ಶುರುಮಾಡುತ್ತದೆ, ಆಗ ಫ್ಲ್ಯಾಶ್ ಮಿಂಚಿದರೆ ಪರದೆ ಮರೆಮಾಡಿದ ಭಾಗಕ್ಕೆ ಅದರ ಬೆಳಕು ಸಿಗುವುದಿಲ್ಲ. ಟಿಟಿಎಲ್ ಫ್ಲ್ಯಾಶ್ ಆಗಿದ್ದರೆ ಕ್ಯಾಮೆರಾ ತಾನೇ ಶಟರ್ ಇಳಿಸುತ್ತಿತ್ತು. ಒಂದೇ ಪಿನ್ನಿನದಾದರೆ ಮೇಲೆ ಫ್ಲ್ಯಾಶ್ ಕೂತಿದೆ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ನೀವೇ ನೋಡಿಕೊಳ್ಳಬೇಕು. ಒಳಗಡೆ 1/125 ಇಡಿ, ಸಾಕು.

ಮಲೆನಾಡ ಕ್ಲಿಕ್:
ಸ್ಕ್ರೀನ್ ವಿಷಯ ನಿಜ! ಮೋಡ್ 1ರಲ್ಲಿತ್ತು. ಡಿಸೇಬಲ್ ಮಾಡಿದ ಮೇಲೆ ಸ್ಕ್ರೀನ್ ನೋಡಿ ತೆಗೆದರೂ, ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ನೋಡಿ ತೆಗೆದರೂ ಹೊಡೆಯುತ್ತಿದೆ. ತುಂಬಾ ಥ್ಯಾಂಕ್ಸ್. ನನ್ನ ಗೆಳೆಯನ 700ಡಿಗೆ ಹಾಕಿದರೂ ಹೀಗೇನಾ?

ಎರಡನೇ ಪರದೆ:
700ಡಿಯಲ್ಲಿ ಆ ಆಯ್ಕೆಯೇ ಇಲ್ಲ. ಲೈವ್ ವ್ಯೂನಲ್ಲಿ ಬೇರೆ ಕಂಪನಿಯ ಫ್ಲ್ಯಾಶ್ ಹೊಡೆಯುವುದಿಲ್ಲ, ವ್ಯೂಫೈಂಡರ್‌ನಲ್ಲೇ ನೋಡಿ ತೆಗೆಯಬೇಕು. ಕ್ಯಾನನ್‌ನದೇ 200ಡಿ ಮಾರ್ಕ್ 2ಗೆ ಇದನ್ನು ಹಾಕಲೇಬೇಡಿ, ಅದರ ಶೂನಲ್ಲಿ ನಡುವಿನ ಪಿನ್ನೇ ಇಲ್ಲ.

ಹಳೇ ರೋಲು:
ನಾಮಕರಣಕ್ಕೆ ಒಂದು ಮಾತು. ಮಗುವಿನ ಮುಖಕ್ಕೆ ನೇರ ಹೊಡೆಯಬೇಡಿ. ಹೆಂಚಿನ ಮಾಡಾದರೆ ಮೇಲಕ್ಕೆ ತಿರುಗಿಸಿ ಪ್ರಯೋಜನವಿಲ್ಲ, ಪಕ್ಕದ ಬಿಳಿ ಗೋಡೆ ಕಡೆ ತಿರುಗಿಸಿ. ಪವರ್ 1/4ರಿಂದ ಶುರುಮಾಡಿ, ಸಾಲದಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಫುಲ್ ಪವರ್ ಇಟ್ಟರೆ ಪ್ರತಿ ಸಲ ಚಾರ್ಜ್ ಆಗುವವರೆಗೆ ಕಾಯಬೇಕು, ಅಷ್ಟರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿದಿರುತ್ತದೆ.