ಉತ್ತರ ಕನ್ನಡದ ಬ್ರಿಟಿಷ್ ಕಾಲದ ದಾಖಲೆ ಹುಡುಕೋದು ಎಲ್ಲಿಂದ ಶುರು ಮಾಡಬೇಕು?

ಕುಮಟಾ, ಅಂಕೋಲಾ ಕಡೆಯ ಭೂಮಿ, ಕಂದಾಯ, ಕಾಡಿನ ಚರಿತ್ರೆಯನ್ನು ಮೂಲ ಕಾಗದಪತ್ರಗಳಿಂದಲೇ ಓದಬೇಕೆಂದಿದೆ. ಯಾವ ವಿಶ್ವವಿದ್ಯಾಲಯದ ನಂಟೂ ಇಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದರೆ ಸಾಕೇ? ಮ್ಯೂಸಿಯಂಗಳಲ್ಲಿ ಏನಾದರೂ ಸಿಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

* * *

ಬೆಂಗಳೂರಿಗೆ ಮೊದಲು ಹೋಗಬೇಡಿ. ಅಲ್ಲಿನ ಹಳೆಯ ಸಂಗ್ರಹದ ಬಲ ಇರುವುದು ಮೈಸೂರು ಸಂಸ್ಥಾನದ ಕಡತಗಳಲ್ಲಿ. ನಿಮ್ಮ ಜಿಲ್ಲೆ ಮೈಸೂರಿಗೆ ಸೇರಿದ್ದೇ 1956ರಲ್ಲಿ. ಕಾಗದ ಯಾವತ್ತೂ ಸರ್ಕಾರದ ಬೆನ್ನು ಹಿಡಿದು ಹೋಗುತ್ತದೆ, ಊರಿನದ್ದಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ (ಉತ್ತರ, ದಕ್ಷಿಣ ಕನ್ನಡ ಎರಡೂ ಸೇರಿದ ಸೀಮೆ) ಕಂಪನಿ ಸರ್ಕಾರದ ಕೈಗೆ ಬಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಹೋಯಿತು. ಹಾಗಾಗಿ 1862ರ ಹಿಂದಿನದಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಆಮೇಲಿನದಕ್ಕೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ.

ಈ ವರ್ಗಾವಣೆಗೆ ದೊಡ್ಡ ಕಾರಣ ಧಾರವಾಡದ ಹತ್ತಿ. ಅದನ್ನು ಹಡಗಿಗೆ ಹಾಕಲು ಕಾರವಾರ ಬಂದರು ಬೇಕಿತ್ತು. ಆದ್ದರಿಂದ 1860ರ ಆಸುಪಾಸಿನ ಬಂದರು, ಘಾಟಿ ರಸ್ತೆಗಳ ವಿಷಯವಾದರೆ ಎರಡೂ ಕಡೆ ನೋಡಲೇಬೇಕು.

ರೈಲು ಟಿಕೆಟ್ ಮಾಡಿಸುವ ಮೊದಲು 1883ರ ಬೊಂಬಾಯಿ ಗೆಜೆಟಿಯರಿನ 15ನೇ ಸಂಪುಟ ಓದಿ. ಎರಡು ಭಾಗ, ಎರಡೂ ಕೆನರಾದ್ದೇ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಮೇಲಿನ ಕಥನಕ್ಕಿಂತ ಕೆಳಗಿನ ಅಡಿಟಿಪ್ಪಣಿ ಮುಖ್ಯ. ಕಲೆಕ್ಟರ್ ಬರೆದ ಕಾಗದದ ನಂಬರು, ತಾರೀಖು ಅಲ್ಲಿರುತ್ತದೆ. ಅವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಜೊತೆಗೆ 1801ರಲ್ಲಿ ಈ ಸೀಮೆ ಸುತ್ತಿದ ಬುಕಾನನ್‌ನ ಪ್ರವಾಸ ವರದಿ, 1807ರಲ್ಲಿ ಅಚ್ಚಾದದ್ದು, ಅದರ 3ನೇ ಸಂಪುಟ.

* * *

ಮೇಲಿನದು ಸರಿ. ಓದುವ ಕೋಣೆಯ ವಿಷಯ ನಾನು ಸೇರಿಸುತ್ತೇನೆ. ಸಂಸ್ಥೆಯ ನಂಟಿಲ್ಲದವರಿಗೆ ಬಾಗಿಲು ಮುಚ್ಚಿಲ್ಲ, ಆದರೆ ಕೈಬೀಸಿಕೊಂಡು ಹೋದರೆ ಎರಡು ದಿನ ಅರ್ಜಿಯಲ್ಲೇ ಹೋಗುತ್ತದೆ. ಗುರುತಿನ ಚೀಟಿಯ ಪ್ರತಿ, ಫೋಟೋ, ಒಬ್ಬ ಪ್ರಾಧ್ಯಾಪಕರ ಪರಿಚಯ ಪತ್ರ, ವಿಷಯವನ್ನೂ ಕಾಲಾವಧಿಯನ್ನೂ ಬರೆದ ಒಂದು ಪುಟ ಇಟ್ಟುಕೊಳ್ಳಿ. "ಉತ್ತರ ಕನ್ನಡದ ಇತಿಹಾಸ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಅಂಕೋಲಾ ತಾಲ್ಲೂಕಿನ ಕಂದಾಯ, 1800ರಿಂದ 1820" ಅಂತ ಬರೆಯಿರಿ. ಫೋಟೋ ತೆಗೆಯಲು ಅನುಮತಿ ಇದೆಯೇ ಎಂದು ಮುಂಚೆಯೇ ಪತ್ರ ಬರೆದು ಕೇಳಿ. ಇಲ್ಲವಾದರೆ ಪೆನ್ಸಿಲ್ಲೇ ಗತಿ, ದಿನಗಳ ಲೆಕ್ಕ ಬದಲಾಗುತ್ತದೆ.

ಚೆನ್ನೈನಲ್ಲಿ ಹುಡುಕಬೇಕಾದ್ದು ಬೋರ್ಡ್ ಆಫ್ ರೆವೆನ್ಯೂ ಪ್ರೊಸೀಡಿಂಗ್ಸ್, ಅಂದರೆ ಕಂದಾಯ ಮಂಡಳಿಯ ನಡಾವಳಿ. ಆ ವರ್ಷದ ಸೂಚಿಯಲ್ಲಿ ಕೆನರಾ ನೋಡಿ, ತಾರೀಖು ಮತ್ತು ನಂಬರು ಹಿಡಿದು ಸಂಪುಟ ಕೇಳಬೇಕು. ಮೊದಲ ಅಭ್ಯಾಸಕ್ಕೆ ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ 1800ರ ಮೇ 31 ಮತ್ತು ನವೆಂಬರ್ 9ರಂದು ಬೋರ್ಡಿಗೆ ಬರೆದ ಎರಡು ಕಾಗದ ಒಳ್ಳೆಯದು. ಅಚ್ಚಾಗಿಯೂ ಇವೆ, ಹೋಲಿಸಿ ಓದಿದರೆ ಆ ಕಾಲದ ಕೈಬರಹ ಪಳಗುತ್ತದೆ. ಮುಂಬೈಯಲ್ಲಿ ಪದ್ಧತಿಯೇ ಬೇರೆ: ಇಲಾಖೆ, ವರ್ಷ, ಸಂಪುಟ, ಕಂಪೈಲೇಷನ್ ನಂಬರು ನಾಲ್ಕೂ ಬೇಕು. ಒಂದು ಬಿಟ್ಟರೂ ಕಡತ ಕೇಳಿ ಕೊಟ್ಟ ಚೀಟಿ ವಾಪಸ್.

ಭಾರತ ಸರ್ಕಾರದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದಾಗ ಚೀಟಿ "ಎನ್.ಟಿ." ಎಂದು ಬಂದರೆ ಆ ಕಡತ ಇಲಾಖೆಯಿಂದ ಅಲ್ಲಿಗೆ ಬಂದೇ ಇಲ್ಲ ಎಂದರ್ಥ. "ಬ್ರಿಟಲ್" ಎಂದು ಬಂದರೆ ಪುಟ ಪುಡಿಯಾಗುತ್ತಿದೆ, ಕೊಡುವುದಿಲ್ಲ. ವಾದ ಮಾಡಬೇಡಿ. ಪ್ರಾಂತ್ಯ ಸರ್ಕಾರಗಳ ಪ್ರೊಸೀಡಿಂಗ್ಸ್ ನಕಲು ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದ "ಪಿ" ಸರಣಿಯಲ್ಲಿ ಅದೇ ಕಾಗದ ಸಿಗುವ ಸಂಭವ ಚೆನ್ನಾಗಿಯೇ ಇದೆ. ದೆಹಲಿಯ ಕಡತವಾದರೆ ಮೊದಲು ಅಭಿಲೇಖ್ ಪಟಲ್ ಜಾಲತಾಣದಲ್ಲಿ ಸ್ಕ್ಯಾನ್ ಇದೆಯೇ ನೋಡಿ. ಸೂಚಿಯಲ್ಲಿ "ಕೆ.ಡಬ್ಲ್ಯೂ." ಎಂದಿದ್ದರೆ ಬಿಡಬೇಡಿ. ಅದು ಅಧಿಕಾರಿಗಳು ತಮ್ಮತಮ್ಮಲ್ಲೇ ಬರೆದುಕೊಂಡ ಟಿಪ್ಪಣಿ. ಆದೇಶದಲ್ಲಿ ಸಭ್ಯವಾಗಿ ಕಾಣುವ ಮಾತಿನ ನಿಜಬಣ್ಣ ಅಲ್ಲಿರುತ್ತದೆ.

* * *

ಹೆಸರುಗಳ ಕಾಟ ಯಾರೂ ಹೇಳಲಿಲ್ಲ. ಹೊನ್ನಾವರ ಎಂದು ಹುಡುಕಿದರೆ ಏನೂ ಬರದು, "ಓನೋರ್" ಆಗಿರುತ್ತದೆ. ಸೋದೆ "ಸೂಂಡಾ". ಕಾರವಾರ, ಕುಮಟಾ ಎರಡನ್ನೂ ಇಂಗ್ಲಿಷಿನ "ಸಿ" ಅಕ್ಷರದಲ್ಲೂ ನೋಡಿ. ನಮ್ಮ ಉಕಾರ ಇದ್ದಲ್ಲೆಲ್ಲ ಎರಡು "ಓ" ಹಾಕಿ ಇನ್ನೊಮ್ಮೆ ಹುಡುಕುವುದು ಲೇಸು. ಪ್ರತಿ ಊರಿಗೂ ನಾಲ್ಕೈದು ಕಾಗುಣಿತದ ಪಟ್ಟಿ ಮನೆಯಲ್ಲೇ ಮಾಡಿಕೊಂಡು ಹೋಗಿ.

ವರ್ಷ: ಮದ್ರಾಸ್ ಕಾಗದದಲ್ಲಿ ಫಸಲಿ, ಅಂದರೆ ಕಂದಾಯದ ವರ್ಷ. 590 ಕೂಡಿಸಿದರೆ ಶುರುವಾಗುವ ಇಸವಿ ಬರುತ್ತದೆ, ಫಸಲಿ 1210 ಎಂದರೆ 1800–01. ಹಣ: ಸ್ಟಾರ್ ಪಗೋಡಾ ಅಂದರೆ ವರಹ, ಮೂರೂವರೆ ರೂಪಾಯಿ. ವರಹವನ್ನು ರೂಪಾಯಿ ಎಂದು ಓದಿಕೊಂಡು ಕಂದಾಯ ಮೂರೂವರೆ ಪಟ್ಟು ಏರಿತು ಎಂದು ಬರೆದವರಿದ್ದಾರೆ!

ಇನ್ನು ವರ್ಗ (ಭೂಮಿಯ ಒಡೆತನ), ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ನಿಮಗೆ ಗೊತ್ತಿರಬಹುದು. "ಶಿಸ್ತು" ಮತ್ತು "ಶಾಮಿಲು" ಕಲಸಬೇಡಿ. ಶಿಸ್ತು ಹಳೆಯ ಮೂಲ ಕಂದಾಯ, ಶಾಮಿಲು ಅದರ ಮೇಲೆ ಆಮೇಲೆ ಹೇರಿದ್ದು. ಕಂದಾಯ ಹೆಚ್ಚಾಯಿತೆಂಬ ಮನ್ರೋನ ವಾದ ನಿಂತಿರುವುದೇ ಈ ಎರಡರ ಅಂತರದ ಮೇಲೆ.

* * *

ಎಲ್ಲರಿಗೂ ಧನ್ಯವಾದ. ಒಂದು ಶಾನುಭೋಗರ ಮನೆಯಲ್ಲಿ ಕಪ್ಪು ಕಡತ ಇದೆಯಂತೆ. ನೋಡಲು ಹೋಗುವಾಗ ಏನು ಎಚ್ಚರ ಬೇಕು?

* * *

ಬರಹದ ಮೇಲೆ ಕೈ ಹಚ್ಚಬೇಡಿ, ಮೊದಲ ಎಚ್ಚರ ಅದೇ. ಕಡತ ಎಂದರೆ ಬಟ್ಟೆ. ಹುಣಿಸೆಬೀಜದ ಸರಿಯಲ್ಲಿ (ಅಂಟಿನಲ್ಲಿ) ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬರೆದದ್ದು ಬಳಪದಲ್ಲಿ. ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ್ದು, ಹಾಗಾಗಿ ನಿಮ್ಮ ಬೆರಳೂ ಅಳಿಸುತ್ತದೆ. ಧೂಳು ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸರಿಯೂ ಕರಗುತ್ತದೆ, ಅಕ್ಷರವೂ ಹೋಗುತ್ತದೆ. ಮಡಿಕೆಯ ಗೆರೆಯಲ್ಲಿ ಲೇಪ ಸಿಡಿದಿರುತ್ತದೆ, ಬಲವಂತವಾಗಿ ಚಪ್ಪಟೆ ಮಾಡಬೇಡಿ. ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆಯನ್ನು ಅಂಚು ಹಿಡಿದು ತೆರೆಯಿರಿ. ಫ್ಲ್ಯಾಶ್ ಹಾಕಿದರೆ ಕಪ್ಪೆಲ್ಲ ಮಿಂಚಿ ಏನೂ ಕಾಣದು. ಟಾರ್ಚನ್ನು ಬದಿಯಿಂದ, ಬಟ್ಟೆಯ ಮಟ್ಟಕ್ಕೇ ಹಿಡಿದು ತೆಗೆದರೆ ಬಳಪದ ಗೆರೆ ಎದ್ದು ಕಾಣುತ್ತದೆ. ಪ್ರತಿ ಫೋಟೋದಲ್ಲೂ ಒಂದು ಅಳತೆಪಟ್ಟಿ ಮತ್ತು ಮಡಿಕೆ ಸಂಖ್ಯೆಯ ಚೀಟಿ ಇರಲಿ. ಇಲ್ಲದಿದ್ದರೆ ಆಮೇಲೆ ಯಾವುದರ ಹಿಂದೆ ಯಾವುದೆಂದು ಗೊತ್ತಾಗುವುದಿಲ್ಲ. ಅಕ್ಷರ ಮೋಡಿ (ಕೂಡಿಸಿ ವೇಗವಾಗಿ ಬರೆಯುವ ಲಿಪಿ) ಆಗಿದ್ದರೆ ಓದುವವರನ್ನು ಹುಡುಕಬೇಕು. ಕನ್ನಡ ಮೋಡಿಯೂ ಇದೆ, ಮರಾಠಿ ಮೋಡಿಯೂ ಇದೆ, ಒಂದು ಬಲ್ಲವರಿಗೆ ಇನ್ನೊಂದು ಬಾರದು.

* * *

ಮ್ಯೂಸಿಯಂ ಪ್ರಶ್ನೆ ಬಾಕಿ ಉಳಿಯಿತು. ಗಾಜಿನ ಪೆಟ್ಟಿಗೆಯ ಮುಂದಿನ ಫಲಕದಲ್ಲಿ "18ನೇ ಶತಮಾನದ ಕತ್ತಿ" ಎಂದಷ್ಟೇ ಇರುತ್ತದೆ, ಅದರಿಂದ ಉಪಯೋಗ ಕಮ್ಮಿ. ವಸ್ತುವಿನ ಮೇಲೋ ಫಲಕದ ಮೂಲೆಯಲ್ಲೋ ಸಣ್ಣದಾಗಿ ಬರೆದ ದಾಖಲು ಸಂಖ್ಯೆ ಬರೆದುಕೊಂಡು, ಆ ಸಂಖ್ಯೆಯ ರಿಜಿಸ್ಟರ್ ನಮೂದು ತೋರಿಸಿ ಎಂದು ಕ್ಯುರೇಟರ್‌ಗೆ ಲಿಖಿತ ಅರ್ಜಿ ಕೊಡಿ. ಯಾರಿಂದ, ಯಾವ ವರ್ಷ, ಯಾವ ಊರಿನಿಂದ ಬಂತು ಎನ್ನುವುದು ಇರುವುದಾದರೆ ಆ ಸಾಲಿನಲ್ಲೇ. ಚೆನ್ನೈಗೆ ಹೇಗೂ ಹೋಗುತ್ತೀರಿ. ಸರ್ಕಾರಿ ವಸ್ತುಸಂಗ್ರಹಾಲಯ ಎಗ್ಮೋರಿನಲ್ಲೇ ಇದೆ, ಪತ್ರಾಗಾರ ರಜೆಯಿರುವ ದಿನ ಅಲ್ಲಿನ ನಾಣ್ಯ ವಿಭಾಗ ನೋಡಿ. ಅಂಕೋಲೆಯ ಸತ್ಯಾಗ್ರಹ ಸ್ಮಾರಕ ಭವನಕ್ಕೆ ಹೋಗುವುದಾದರೆ 1930ರ ಉಪ್ಪಿನ ಸತ್ಯಾಗ್ರಹದ ಕಡತಗಳನ್ನು ಮುಂಬೈಯಲ್ಲಿ ಓದಿದ ಮೇಲೆ ಹೋಗಿ, ಮೊದಲಲ್ಲ. ಪೊಲೀಸ್ ವರದಿಯಲ್ಲಿ ಬರೀ ಊರು, ಹೆಸರು ಕಂಡಿರುತ್ತವೆ. ಅವನ್ನು ಹಿಡಿದು ಅಲ್ಲಿ ವಿಚಾರಿಸಿದರೆ ಯಾವ ಮನೆಯವರು ಎಂದು ಹೇಳುವವರು ಸಿಗಬಹುದು.