ಹಾರ್ಡ್ ಡಿಸ್ಕ್ ಬಿದ್ದಿದೆ, ಒಳಗೆ ತಂಗಿ ಮದುವೆ ಫೋಟೋ ಇವೆ

ಪ್ರಶ್ನೆ:
ದಾವಣಗೆರೆ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ತಂಗಿ ಮದುವೆ ಫೋಟೋ ಅದರಲ್ಲಿ ಮಾತ್ರ ಇವೆ. ಬೈಯಬೇಡಿ, ಅಮ್ಮ ಆಗಲೇ ಬೈದಾಗಿದೆ. ಹೋದ ವಾರ ಕೇಬಲ್ ಕಾಲಿಗೆ ಸಿಕ್ಕಿ ಮೇಜಿನಿಂದ ಬಿತ್ತು. ಈಗ ಒಂದು ಫೋಲ್ಡರ್ ತೆರೆಯೋಕೆ ಹಾಕಿದರೆ, ಬೆಣ್ಣೆ ದೋಸೆ ತಿಂದು ಬಂದರೂ ಇನ್ನೂ ತೆರೆದಿರಲ್ಲ. ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳುತ್ತಿದೆ. ಒತ್ತಲಾ?

ಉತ್ತರ 1:
ಒತ್ತಲೇಬೇಡಿ! ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಕೂಡ ಬೇಡ, ರಿಪೇರಿ ಮಾಡುವಾಗ ಅದು ಡಿಸ್ಕ್ ಮೇಲೇ ಬರೆಯುತ್ತೆ. ಬೇರೆ ಕೇಬಲ್ ಹಾಕಿ, ಹಬ್ ಬಿಟ್ಟು ನೇರ ಪೋರ್ಟಿಗೆ ಚುಚ್ಚಿ ನೋಡಿ. ಕಿವಿ ಹತ್ತಿರ ಇಟ್ಟರೆ ಟಿಕ್ ಟಿಕ್ ಅನ್ನುತ್ತಾ?

ಪ್ರಶ್ನೆ ಕೇಳಿದವರು:
ಇಲ್ಲ ಸಾರ್, ಸುಮ್ನೆ ಗುಯ್ ಅಂತ ತಿರುಗುತ್ತೆ. ಕೇಬಲ್ ಬದಲಿಸಿದರೂ ಅಷ್ಟೇ. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಸಿ5 ಸಾಲು ಹಳದಿ.

ಉತ್ತರ 2:
ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳು. ಫೈಲ್ ಒಂದೊಂದೇ ಎಳೆಯಬೇಡಿ. ಲಿನಕ್ಸ್ ಪೆನ್‌ಡ್ರೈವಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂನಲ್ಲಿ ಇಡೀ ಡಿಸ್ಕನ್ನು ದೊಡ್ಡದೊಂದು ಡಿಸ್ಕಿಗೆ ಇಮೇಜ್ ಮಾಡಿ, ಅಂದರೆ ಇದ್ದ ಹಾಗೇ ಪೂರ್ತಿ ನಕಲು. ಅದು ಸಲೀಸಾಗಿ ಬರುವ ಜಾಗ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡೋದು ಮರೀಬೇಡಿ, ಕರೆಂಟ್ ಹೋದರೂ ನಿಂತಲ್ಲಿಂದ ಶುರು ಮಾಡಬಹುದು. ಯಾವುದು ಮೂಲ, ಯಾವುದು ಹೊಸದು ಅಂತ ಎರಡು ಸಲ ನೋಡಿ. ಅದಲುಬದಲಾದರೆ ಮದುವೆ ಅಳಿಸಿತು ಅಂತಲೇ. ಆಮೇಲೆ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಓಡಿಸೋದು ಇಮೇಜ್ ಮೇಲೆ ಮಾತ್ರ.

ಉತ್ತರ 1:
ಮಧ್ಯೆ ಟಿಕ್ ಟಿಕ್ ಶುರುವಾದರೆ ತಕ್ಷಣ ಕಿತ್ತುಬಿಡಿ. ಆಮೇಲೆ ಕ್ಲೀನ್ ರೂಮ್ (ಡಿಸ್ಕ್ ಬಿಚ್ಚಲು ಧೂಳಿಲ್ಲದ ಕೋಣೆ) ಇರುವ ಕಡೆಗೇ ಕೊಡಬೇಕು. ಫ್ರಿಜ್‌ನಲ್ಲಿಡಿ ಅನ್ನೋರ ಮಾತು ಕೇಳಬೇಡಿ.

ಪ್ರಶ್ನೆ ಕೇಳಿದವರು:
ಮೂರು ದಿನ ಓಡಿತು. ಧಾರೆ, ಆರತಕ್ಷತೆ ಬಂದಿವೆ. ಅರಿಶಿನ ಶಾಸ್ತ್ರದ ಕೆಲವು ಫೋಟೋ ಅರ್ಧ ಬೂದಿ ಬಣ್ಣ. ಅಮ್ಮನಿಗೆ ಇನ್ನೂ ಹೇಳಿಲ್ಲ.